ಕೆಲಸ ಹೋಗಿದೆ, ವೃತ್ತಿ ಹೋಗಿಲ್ಲ: ಅನ್ಯಾಯವಾಗಿ ಹೊರಬಿದ್ದ ನರ್ಸ್‌ಗೆ ಒಂಬತ್ತು ಸೂತ್ರಗಳು

ಖಾಸಗಿ ಆಸ್ಪತ್ರೆಯಲ್ಲಿ ಏನೇ ಎಡವಟ್ಟಾದರೂ ತಪ್ಪು ಹೊರಿಸಲು ಮೊದಲು ಸಿಗುವವರು ಸ್ಟಾಫ್ ನರ್ಸ್. ಡಾಕ್ಟರು ಫೋನಿನಲ್ಲೇ ಆರ್ಡರ್ ಹೇಳಿರುತ್ತಾರೆ, ಪಾಳಿಯಲ್ಲಿ ಜನ ಸಾಲದೆ ಇರುತ್ತಾರೆ, ರೋಗಿಯ ಕಡೆಯವರು ಕೂಗಾಡಿರುತ್ತಾರೆ. ಕೊನೆಗೆ ಮನೆಗೆ ಹೋಗುವುದು ಸಿಸ್ಟರ್ ಅಥವಾ ಬ್ರದರ್. ನಿಮಗೂ ಹಾಗೆ ಆಗಿದ್ದರೆ ಒಂದು ಮಾತು ನೆನಪಿರಲಿ: ಕೆಲಸ ಕೊಟ್ಟದ್ದು ಆಸ್ಪತ್ರೆ, ನರ್ಸ್ ಮಾಡಿದ್ದು ನಿಮ್ಮ ಓದು ಮತ್ತು ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ. ಆ ನೋಂದಣಿಯನ್ನು ರದ್ದು ಮಾಡುವ ಅಧಿಕಾರ ಯಾವ ಆಸ್ಪತ್ರೆಗೂ ಇಲ್ಲ.

1. ಒತ್ತಾಯದ ರಾಜೀನಾಮೆಗೆ ಸಹಿ ಹಾಕಬೇಡಿ

ನೈಟ್ ಡ್ಯೂಟಿ ಮುಗಿಸಿ ಕಣ್ಣು ಎಳೆಯುತ್ತಿರುವಾಗಲೇ ಎಚ್‌ಆರ್ ಕೋಣೆಗೆ ಕರೆಸುತ್ತಾರೆ. ‘ವೈಯಕ್ತಿಕ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ’ ಎಂದು ಮೊದಲೇ ಟೈಪ್ ಮಾಡಿದ ಹಾಳೆ, ಅದರ ಮೇಲೊಂದು ಪೆನ್ನು. ‘ಸಹಿ ಹಾಕಿದರೆ ರಿಲೀವಿಂಗ್ ಲೆಟರ್ ಕೊಡ್ತೀವಿ, ಇಲ್ಲದಿದ್ದರೆ ಟರ್ಮಿನೇಷನ್’ ಎನ್ನುತ್ತಾರೆ. ನೀವಾಗಿಯೇ ಬಿಟ್ಟಿರಿ ಎಂದಾದ ಮೇಲೆ ಅನ್ಯಾಯವಾಯಿತು ಎಂದು ಸಾಧಿಸುವುದು ಕಷ್ಟ. ‘ಓದಲು ಸಮಯ ಬೇಕು, ಇ-ಮೇಲ್‌ನಲ್ಲಿ ಕಳಿಸಿ’ ಎಂದಷ್ಟೇ ಹೇಳಿ ಎದ್ದು ಬನ್ನಿ. ಈಗಾಗಲೇ ಸಹಿ ಹಾಕಿದ್ದರೆ, ಒತ್ತಡದಿಂದ ಹಾಕಿಸಿಕೊಂಡರು ಎಂದು ಅದೇ ದಿನ ಇ-ಮೇಲ್ ಮಾಡಿ.

2. ನೆನಪು ಹಸಿಯಾಗಿರುವಾಗಲೇ ಬರೆದಿಡಿ

ನರ್ಸಸ್ ನೋಟ್ಸ್ ಬರೆದು ಪಳಗಿದ ಕೈ ನಿಮ್ಮದು. ಈಗ ನಿಮ್ಮದೇ ಪ್ರಕರಣಕ್ಕೆ ಅದನ್ನು ಬಳಸಿ. ಯಾವ ವಾರ್ಡ್, ಎಷ್ಟು ರೋಗಿಗಳು, ಪಾಳಿಯಲ್ಲಿ ಇದ್ದವರು ಎಷ್ಟು ಮಂದಿ, ಹ್ಯಾಂಡೋವರ್ ಕೊಟ್ಟದ್ದು ಯಾರು, ಡಾಕ್ಟರಿಗೆ ಎಷ್ಟು ಗಂಟೆಗೆ ತಿಳಿಸಿದಿರಿ, ಅವರು ಏನೆಂದರು, ಇನ್ಸಿಡೆಂಟ್ ರಿಪೋರ್ಟ್ ಬರೆದಿರಾ, ಎಚ್‌ಆರ್ ಮತ್ತು ನರ್ಸಿಂಗ್ ಸೂಪರಿಂಟೆಂಡೆಂಟ್ ಆಡಿದ ಮಾತೇನು. ‘ತುಂಬಾ ಅನ್ಯಾಯ ಮಾಡಿದರು’ ಎಂಬ ಸಾಲಿಗಿಂತ ‘ರಾತ್ರಿ 2.10ಕ್ಕೆ ಡ್ಯೂಟಿ ಡಾಕ್ಟರಿಗೆ ಬಿಪಿ ಇಳಿದದ್ದನ್ನು ತಿಳಿಸಿದೆ’ ಎಂಬ ಸಾಲಿಗೆ ನೂರು ಪಟ್ಟು ತೂಕ.

3. ರೋಗಿಯ ಗುಟ್ಟು ಕಾಪಾಡಿ

ಸಾಕ್ಷ್ಯಕ್ಕೆಂದು ಕೇಸ್ ಶೀಟ್ ಅಥವಾ ಡ್ರಗ್ ಚಾರ್ಟ್‌ನ ಫೋಟೊ ತೆಗೆದು ಮನೆಗೆ ಒಯ್ಯಬೇಡಿ. ನಿಮ್ಮ ಮೇಲೆ ನಿಜವಾದ ಆರೋಪ ಹೊರಿಸಲು ಅದೊಂದೇ ಸಾಕು. ಘಟನೆ ನಡೆದ ದಿನದ ದಾಖಲೆ ಮತ್ತು ಡ್ಯೂಟಿ ರೋಸ್ಟರ್ ಕಾದಿಡಿ ಎಂದು ಆಸ್ಪತ್ರೆಯನ್ನು ಲಿಖಿತವಾಗಿ ಕೇಳಿ. ಪ್ರಕರಣ ಮುಂದೆ ಹೋದರೆ ಅವನ್ನು ತರಿಸಿಕೊಳ್ಳಲು ದಾರಿ ಇರುತ್ತದೆ. ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಸಿಟ್ಟು ತೀರಿಸಿಕೊಳ್ಳುವುದೂ ಬೇಡ.

4. ಬರಬೇಕಾದ ಕಾಗದ, ಹಣ ಎರಡನ್ನೂ ಬಿಡಬೇಡಿ

ಕಾರಣ ನಮೂದಿಸಿದ ಟರ್ಮಿನೇಷನ್ ಆದೇಶ, ಅನುಭವ ಪ್ರಮಾಣಪತ್ರ, ಸಂಬಳದ ಚೀಟಿಗಳು, ಅವರ ಬಳಿ ಇರುವ ನಿಮ್ಮ ಮೂಲ ಪ್ರಮಾಣಪತ್ರಗಳು: ಪ್ರತಿಯೊಂದನ್ನೂ ಇ-ಮೇಲ್‌ನಲ್ಲಿ ಕೇಳಿ. ಗಲ್ಫ್ ಕಡೆ ಹೋಗುವ ಆಲೋಚನೆ ಇದ್ದರೆ ಅನುಭವ ಪ್ರಮಾಣಪತ್ರ ಇನ್ನೂ ಮುಖ್ಯ. ಡೇಟಾಫ್ಲೋ ಪರಿಶೀಲನೆಯಲ್ಲಿ ಹಳೆಯ ಆಸ್ಪತ್ರೆಯನ್ನೇ ವಿಚಾರಿಸುತ್ತಾರೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಕೆಲಸದಿಂದ ತೆಗೆದ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೊಡಬೇಕು. ಐದು ವರ್ಷ ದುಡಿದಿದ್ದರೆ ಗ್ರಾಚ್ಯುಟಿ ಕೇಳಿ. ಪಿಎಫ್‌ಗೆ ಯುಎಎನ್ ಸಂಖ್ಯೆ ನಿಮ್ಮ ಬಳಿ ಇರಲಿ.

5. ಕಾನೂನು ನಿಮಗೂ ಇದೆ

ಆಸ್ಪತ್ರೆಯೂ ಉದ್ಯಮವೇ ಎಂದು ಸುಪ್ರೀಂ ಕೋರ್ಟ್ 1978ರಷ್ಟು ಹಿಂದೆಯೇ, ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ ಹೇಳಿತು. ಹಾಗಾಗಿ ಕಾರ್ಮಿಕ ಕಾನೂನಿನ ರಕ್ಷಣೆ ನರ್ಸ್‌ಗೂ ಇದೆ. ದುರ್ನಡತೆಯ ಆರೋಪವಿದ್ದರೆ ಆರೋಪಪಟ್ಟಿ ಕೊಡಬೇಕು, ನಿಮ್ಮ ಉತ್ತರ ಕೇಳಬೇಕು, ವಿಚಾರಣೆ ನಡೆಸಬೇಕು. ಜನ ಹೆಚ್ಚಾದರು ಎಂದು ತೆಗೆಯುವುದಾದರೆ, ವರ್ಷ ತುಂಬಿದ ನೌಕರರಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪ್ರತಿ ಪೂರ್ಣ ವರ್ಷದ ಸೇವೆಗೆ 15 ದಿನಗಳ ಸಂಬಳ ಸಲ್ಲಬೇಕು. ಕಾರ್ಮಿಕ ಇಲಾಖೆಗೆ ದೂರು ಕೊಡಿ. ಕಾಲಮಿತಿ ಇರುವುದರಿಂದ ತಡಮಾಡಬೇಡಿ. ನಿಮ್ಮದು ಧರ್ಮಾರ್ಥ ಸಂಸ್ಥೆಯಾಗಿದ್ದರೆ ಯಾವ ದಾರಿ ಸರಿ ಎಂದು ಮೊದಲು ವಕೀಲರನ್ನು ಕೇಳಿ. ವಕೀಲರಿಗೆ ಕೊಡಲು ದುಡ್ಡಿಲ್ಲವೇ? 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100.

6. ಬಸುರಿ ಎಂದು ತೆಗೆದರೆ, ದೂರು ಕೊಟ್ಟಿದ್ದಕ್ಕೆ ತೆಗೆದರೆ

ಹೆರಿಗೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಕಾನೂನುಬಾಹಿರ. ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ರಕ್ಷಣೆ ಇದೆ. ಲೈಂಗಿಕ ಕಿರುಕುಳ ಅನುಭವಿಸಿದವರು 2013ರ ಕಾಯ್ದೆಯಂತೆ ಮೂರು ತಿಂಗಳೊಳಗೆ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬೇಕು. ಕೆಲಸ ಹೋಯಿತೆಂದು ಈ ಹಕ್ಕುಗಳು ಹೋಗುವುದಿಲ್ಲ. ದಿನಾಂಕಗಳನ್ನು ಸಾಲಾಗಿ ಬರೆಯಿರಿ: ದೂರು ಕೊಟ್ಟದ್ದು ಯಾವತ್ತು, ಕೆಲಸದಿಂದ ತೆಗೆದದ್ದು ಯಾವತ್ತು.

7. ಮನೆಯವರಿಂದ ಮುಚ್ಚಿಡಬೇಡಿ

ಊರಿಗೆ ದುಡ್ಡು ಕಳಿಸುವ, ತಮ್ಮನ ಫೀಸು ಕಟ್ಟುವ, ಓದಿನ ಸಾಲದ ಕಂತು ತೀರಿಸುವ ಹೆಣ್ಣುಮಕ್ಕಳು ಬೆಳಿಗ್ಗೆ ಡ್ಯೂಟಿಗೆ ಹೊರಟಂತೆ ಹೊರಟು ಸಂಜೆ ಪಿಜಿಗೆ ಮರಳುವುದುಂಟು. ಆ ಭಾರ ಒಬ್ಬರೇ ಹೊರಬೇಡಿ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ನೈಟ್ ಡ್ಯೂಟಿಯಿಂದ ತಪ್ಪಿಹೋದ ನಿದ್ದೆಯನ್ನು ಮೊದಲು ಸರಿಪಡಿಸಿಕೊಳ್ಳಿ. ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸಿದರೆ ಟೆಲಿ ಮಾನಸ್‌ನ 14416ಕ್ಕೆ ತಕ್ಷಣ ಕರೆ ಮಾಡಿ. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡುತ್ತಾರೆ. ರೋಗಿಗೆ ನೀವು ಇದನ್ನೇ ಹೇಳುತ್ತಿದ್ದಿರಿ, ಈಗ ನಿಮಗೂ ಹೇಳಿಕೊಳ್ಳಿ.

8. ಸಂದರ್ಶನಕ್ಕೆ ಎರಡು ವಾಕ್ಯ ಸಿದ್ಧವಿರಲಿ

‘ಹಿಂದಿನ ಕೆಲಸ ಯಾಕೆ ಬಿಟ್ಟಿರಿ?’ ಎಂದು ಕೇಳಿಯೇ ಕೇಳುತ್ತಾರೆ. ಸುಳ್ಳು ಬೇಡ, ಹಳೆಯ ಆಸ್ಪತ್ರೆಯ ಮೇಲಿನ ಬೈಗುಳವೂ ಬೇಡ. ‘ಒಂದು ಘಟನೆಯ ನಂತರ ವಿಚಾರಣೆಯಿಲ್ಲದೆ ನನ್ನನ್ನು ತೆಗೆದರು, ಅದನ್ನು ಲಿಖಿತವಾಗಿ ಪ್ರಶ್ನಿಸಿದ್ದೇನೆ. ನನ್ನ ಕೆಲಸದ ಬಗ್ಗೆ ಅಲ್ಲಿನ ಸೀನಿಯರ್ ಒಬ್ಬರನ್ನು ನೀವು ಕೇಳಬಹುದು.’ ಇಷ್ಟು ಹೇಳಿ, ನಿಲ್ಲಿಸಿ. ಆ ಸೀನಿಯರ್‌ನ ಒಪ್ಪಿಗೆಯನ್ನು ಮೊದಲೇ ಪಡೆದಿರಿ.

9. ಕೈಯ ಅಭ್ಯಾಸ ತಪ್ಪಿಸಬೇಡಿ

ನೋಂದಣಿಯ ನವೀಕರಣ ನೋಡಿಕೊಳ್ಳಿ. ಬಿಎಲ್‌ಎಸ್, ಎಸಿಎಲ್‌ಎಸ್ ಕಾರ್ಡ್‌ಗಳ ಅವಧಿ ಎರಡೇ ವರ್ಷ; ಮುಗಿದಿದ್ದರೆ ಈ ಬಿಡುವಿನಲ್ಲೇ ತರಬೇತಿ ಪಡೆಯಿರಿ. ಡಯಾಲಿಸಿಸ್ ಕೇಂದ್ರ, ಹೋಮ್ ಕೇರ್, ಶಾಲೆ, ಕಾರ್ಖಾನೆಗಳಲ್ಲೂ ನರ್ಸ್‌ಗಳಿಗೆ ಕೆಲಸವಿದೆ. ಏಮ್ಸ್ ನಡೆಸುವ ನಾರ್ಸೆಟ್ ನೇಮಕಾತಿ ಪರೀಕ್ಷೆ ಮತ್ತು ರಾಜ್ಯದ ಶುಶ್ರೂಷಾಧಿಕಾರಿ ಹುದ್ದೆಗಳ ಪ್ರಕಟಣೆಗಳ ಮೇಲೆ ಕಣ್ಣಿಡಿ. ಸರ್ಕಾರಿ ಹುದ್ದೆಯ ಭದ್ರತೆಗಾಗಿ ಇವಕ್ಕೆ ಓದಿ ತಯಾರಾಗುವುದು ಖಂಡಿತ ಸಾರ್ಥಕ.

ಕೊನೆಯದಾಗಿ, ಇನ್ನೂ ಕೆಲಸದಲ್ಲಿರುವವರಿಗೆ ಒಂದು ಕೋರಿಕೆ. ನಿಮ್ಮ ಜೊತೆಯವರನ್ನು ಹೀಗೆ ಹೊರಗೆ ಹಾಕಿದಾಗ ಹೆದರಿ ಅವರ ನಂಬರ್ ಡಿಲೀಟ್ ಮಾಡಬೇಡಿ. ಅವತ್ತು ರಾತ್ರಿ ವಾರ್ಡಿನಲ್ಲಿ ನಡೆದದ್ದನ್ನು ಕಂಡವರು ನೀವು. ಇವತ್ತೇ ಅವರಿಗೆ ಫೋನ್ ಮಾಡಿ. ಕಂಡದ್ದನ್ನು ಕಂಡಂತೆ ಹೇಳಲು ಸಿದ್ಧ ಎಂದು ತಿಳಿಸಿ.