ಮನೆ ಕಟ್ಟಿ ಮುಗಿಯಲಿ ಎಂದು ಕಾಯಬೇಡ

ಪ್ರೀತಿಯ ತಮ್ಮಾ,

ಹೆಂಡತಿ ಮಗುವನ್ನು ಕರೆಸಿಕೊಳ್ಳುವ ಮಾತು ಬಂದಾಗಲೆಲ್ಲ ಗಲ್ಫಿನಲ್ಲಿರುವ ನಿನ್ನಂಥವರ ಉತ್ತರ ಒಂದೇ: ‘ಇನ್ನೆರಡು ವರ್ಷ ಹೋಗಲಿ.’ ಊರಿನ ಮನೆಗೆ ಸ್ಲ್ಯಾಬ್ ಬೀಳಲಿ, ತಂಗಿಯ ಮದುವೆಯಾಗಲಿ, ಸಾಲ ತೀರಲಿ, ಆಮೇಲೆ ನೋಡೋಣ. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಹೋದ ಎರಡು ತಲೆಮಾರುಗಳ ಬಾಯಲ್ಲಿ ಇದೇ ಮಾತು ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ನಿರ್ಧಾರ ನಿನ್ನದು, ನಿನ್ನ ಹೆಂಡತಿಯದು. ಎರಡೂ ಬದಿಯನ್ನು ನಿನ್ನ ಮುಂದಿಡುತ್ತೇನೆ, ಆದರೆ ನನ್ನ ಒಲವು ಎತ್ತ ಎಂಬುದನ್ನು ಮುಚ್ಚಿಡುವುದಿಲ್ಲ.

ನಮ್ಮ ಕಾಲದವರು ಬೇರೆ ಬೇರೆ ಬದುಕಿದ್ದು ಇಷ್ಟಪಟ್ಟಲ್ಲ. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಕೊಲ್ಲಿಯ ದೇಶಗಳಿಗೆ ಬೇಕಾಗಿದ್ದು ಕೈಗಳು, ಕುಟುಂಬಗಳಲ್ಲ. ಬೊಂಬಾಯಿಯ ಏಜೆಂಟರ ಕಚೇರಿಗಳಲ್ಲಿ ತಿಂಗಳುಗಟ್ಟಲೆ ಕಾದು ಹೊರಟ ಬಡಗಿ, ಡ್ರೈವರ್, ಅಡುಗೆಯವರ ವೀಸಾದಲ್ಲಿ ಹೆಂಡತಿಗೆ ಜಾಗವೇ ಇರಲಿಲ್ಲ. ಫ್ಯಾಮಿಲಿ ಸ್ಟೇಟಸ್ ಎಂಬುದು ಇಂಜಿನಿಯರ್, ಡಾಕ್ಟರುಗಳ ಭಾಗ್ಯವಾಗಿತ್ತು. ಎರಡು ವರ್ಷಕ್ಕೊಮ್ಮೆ ರಜೆ. ಪತ್ರ ಹೋಗಿ ಉತ್ತರ ಬರುವಷ್ಟರಲ್ಲಿ ಮಗುವಿನ ಜ್ವರ ಇಳಿದು ಇನ್ನೊಂದು ಸಮಸ್ಯೆ ಶುರುವಾಗಿರುತ್ತಿತ್ತು. ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ರಜೆಗೆ ಹೊರಟವರ ಕೈಯಲ್ಲಿ ಕಳಿಸುವುದು ಆಗಿನ ದೊಡ್ಡ ಸುಖ. ಮಂಗಳೂರಿನ ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾದದ್ದೇ 2006ರಲ್ಲಿ. ಅದಕ್ಕೆ ಮೊದಲು ತಿಂಗಳ ರಜೆಯಲ್ಲೂ ಬೊಂಬಾಯಿಯ ಹೋಗಿಬರುವಿಕೆಗೆ ಕೆಲವು ದಿನ ಕೊಡಬೇಕಿತ್ತು. ಹೀಗೆ ದುಡಿದವರು ಮನೆ ಕಟ್ಟಿದರು, ತಂಗಿಯರ ಮದುವೆ ಮಾಡಿದರು, ಮನೆ ಒಕ್ಕಲಿಗೆ ಊರೆಲ್ಲ ಕರೆದು ಊಟ ಹಾಕಿದರು. ಮತ್ತೆ ಅದೇ ಬ್ಯಾಚುಲರ್ ರೂಮಿಗೆ ಮರಳಿದರು, ಏಕೆಂದರೆ ಮನೆಗೆ ಮೇಲಿನ ಮಹಡಿ ಬಾಕಿ ಇತ್ತು. ಅವರಿಗೆ ಆಯ್ಕೆ ಇರಲಿಲ್ಲ, ಆದ್ದರಿಂದ ಅವರ ಬದುಕಿಗೆ ಗೌರವವಿದೆ. ಆಯ್ಕೆ ಇದ್ದೂ ನೀವು ಅದೇ ಜೀವನಕ್ರಮವನ್ನು ನಡೆಸಿಕೊಂಡು ಹೋಗುತ್ತಿದ್ದೀರಲ್ಲ, ನನ್ನ ತಕರಾರು ಅದಕ್ಕೆ.

ಈಗಿನ ನಿಯಮಗಳನ್ನೇ ನೋಡು. ಯುಎಇ 2019ರಲ್ಲಿ ಹುದ್ದೆಯ ಷರತ್ತು ಕೈಬಿಟ್ಟು ಆದಾಯವನ್ನು ಮಾತ್ರ ಅಳತೆಯಾಗಿಟ್ಟುಕೊಂಡಿತು: ತಿಂಗಳಿಗೆ 4,000 ದಿರ್ಹಮ್, ಅಥವಾ 3,000 ದಿರ್ಹಮ್ ಜೊತೆಗೆ ವಸತಿ. ಕುವೈತ್ ಹಾಗಲ್ಲ, ನಿಲ್ಲಿಸಿದ್ದ ಫ್ಯಾಮಿಲಿ ವೀಸಾವನ್ನು 2024ರ ಜನವರಿಯಲ್ಲಿ ಮತ್ತೆ ತೆರೆದಾಗ 800 ದಿನಾರ್ ಸಂಬಳ ಬೇಕೆಂದಿತು. ಲೇಬರ್ ಕ್ಯಾಂಪಿನಲ್ಲಿ ಇರುವವರಿಗೆ ಈ ಬಾಗಿಲು ಇವತ್ತಿಗೂ ಮುಚ್ಚಿಯೇ ಇದೆ. ಅವರಿಗೆ ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ. ಈ ಪತ್ರ, ಮಿತಿ ದಾಟಿಯೂ ಮುಂದೂಡುತ್ತಿರುವ ನಿನಗೆ.

ಅಗಲಿಕೆಯಿಂದ ಏನಾಗುತ್ತದೆ ಎಂಬುದರ ಬಗ್ಗೆ ನೆರೆಯ ಕೇರಳದಲ್ಲಿ ಸಾಕಷ್ಟು ಅಧ್ಯಯನ ನಡೆದಿದೆ. ಕೆ.ಸಿ. ಜಕರಿಯಾ, ಎಸ್. ಇರುದಯ ರಾಜನ್ ಮತ್ತು ಸಂಗಡಿಗರು 1998ರಲ್ಲಿ ನಡೆಸಿದ ವಲಸೆ ಸಮೀಕ್ಷೆಯ ಅಂದಾಜಿನಲ್ಲಿ, ಗಂಡನಿಂದ ದೂರ ಉಳಿದ ವಿವಾಹಿತ ಮಹಿಳೆಯರು ಆ ರಾಜ್ಯದಲ್ಲಿ ಹತ್ತು ಲಕ್ಷದ ಆಸುಪಾಸು ಇದ್ದರು. ಅಂಥ ಮನೆಗಳ ಹೆಂಗಸರ ಬಗ್ಗೆ ಲೀಲಾ ಗುಲಾಟಿ 1993ರಲ್ಲೇ ಪುಸ್ತಕ ಬರೆದರು. ಗಂಡ ಇಲ್ಲದ ಮನೆಯಲ್ಲಿ ಹೆಣ್ಣು ಬ್ಯಾಂಕಿನ ವ್ಯವಹಾರ ಕಲಿಯುತ್ತಾಳೆ, ಮನೆ ಕಟ್ಟಿಸುತ್ತಾಳೆ, ಶಾಲೆ ಆಸ್ಪತ್ರೆ ಎಂದು ಓಡಾಡಿ ಗಟ್ಟಿಯಾಗುತ್ತಾಳೆ ಎಂಬ ವಾದಕ್ಕೆ ಇಂಥ ಅಧ್ಯಯನಗಳ ಬೆಂಬಲವಿದೆ. ನಿಜವೇ. ಆದರೆ ಆ ಸಾಮರ್ಥ್ಯಕ್ಕೆ ಒಂಟಿತನದ ಬೆಲೆ ಕೊಡಲೇಬೇಕೆಂದೇನಿಲ್ಲ. ಯುಎಇಯಲ್ಲಿ ಗಂಡನ ವೀಸಾದಲ್ಲಿರುವ ಹೆಂಡತಿಯೂ ಕೆಲಸದ ಪರವಾನಗಿ ಪಡೆದು ದುಡಿಯಬಹುದು. ಊರಲ್ಲೇ ಒಳ್ಳೆಯ ಕೆಲಸ ಹಿಡಿದಿರುವ ಹೆಂಡತಿಯ ಮಾತು ಬೇರೆ, ಅಲ್ಲಿ ಅವಳು ಹೇಳಿದ್ದೇ ಅಂತಿಮ. ಅವಳನ್ನು ಕೇಳದೆ ‘ಅವಳಿಗೆ ಊರೇ ಇಷ್ಟ’ ಎಂದು ನೀನೇ ತೀರ್ಪು ಕೊಡಬೇಡ ಮಾರಾಯ.

ಇನ್ನು ದುಡ್ಡಿನ ಮಾತು. ಇದು ಸಣ್ಣ ಆಕ್ಷೇಪವಲ್ಲ. ಸೌದಿ ಅರೇಬಿಯಾ 2017ರ ಜುಲೈಯಲ್ಲಿ ಅವಲಂಬಿತರ ಮೇಲೆ ತಲಾ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿ, ವರ್ಷಕ್ಕೆ ನೂರರಂತೆ ಏರಿಸುತ್ತ 2020ರಲ್ಲಿ 400ಕ್ಕೆ ತಂದಿತು. ಹೆಂಡತಿ ಮತ್ತು ಒಂದು ಮಗುವಿಗೆ ವರ್ಷಕ್ಕೆ 9,600 ರಿಯಾಲ್ ಆಯಿತು, ಅದೂ ಇಕಾಮಾ (ವಾಸದ ಪರವಾನಗಿ) ನವೀಕರಣದ ಹೊತ್ತಿಗೆ ಮುಂಗಡವಾಗಿ. ಆಗ ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿ ಊರಿಗೆ ಮರಳಿದ್ದು ಸುಳ್ಳಲ್ಲ. ಆದರೆ ಲೆಕ್ಕ ಹಾಕುವಾಗ ಒಂದೇ ಬದಿ ಬರೆಯುತ್ತೀಯಲ್ಲ? ಎರಡು ಸಂಸಾರದ ಖರ್ಚು, ರಜೆಯ ಟಿಕೆಟು, ಬರುವಾಗ ನೆಂಟರಿಗೆಲ್ಲ ಹೊತ್ತು ತರುವ ಸಾಮಾನು, ಯಾರೂ ಪೂರ್ತಿ ಬಳಸದ ಎರಡನೇ ಮಹಡಿ, ಇವು ಯಾವ ಕಾಲಮಿಗೆ ಹೋಗುತ್ತವೆ? ಮನೆಯ ಯೋಜನೆಯಲ್ಲಿ ಒಂದು ಮಹಡಿ ಕಡಿಮೆ ಮಾಡು, ಅವಲಂಬಿತರ ಶುಲ್ಕ ಕೆಲವು ವರ್ಷಕ್ಕೆ ಅಲ್ಲೇ ಹುಟ್ಟುತ್ತದೆ.

ಮಗುವಿನ ಓದು ಕೆಡುತ್ತದೆ ಎಂಬುದು ಮುಂದಿನ ತಕರಾರು. ಇಲ್ಲಿ ಮುಂದೂಡಿಕೆ ಲಾಭವಲ್ಲ, ನಷ್ಟ. ಗಲ್ಫಿನಲ್ಲಿ ಸಿಬಿಎಸ್‌ಇ ಶಾಲೆಗಳಿವೆ, ದುಬೈಯಲ್ಲಿ ಕನ್ನಡಿಗರೇ ನಡೆಸುವ ಕನ್ನಡ ಪಾಠಶಾಲೆಯೂ ಇದೆ. ಸಣ್ಣ ತರಗತಿಗಳಿಗೆ ಫೀಸೂ ಸಾಮಾನ್ಯವಾಗಿ ಕಡಿಮೆ. ಸಮಸ್ಯೆ ಬರುವುದು ದೊಡ್ಡ ತರಗತಿಗಳಲ್ಲಿ. ನಮ್ಮ ಸಿಇಟಿಯ ಸರ್ಕಾರಿ ಸೀಟಿಗೆ ಇರುವ ಸಾಮಾನ್ಯ ನಿಯಮ ಒಂದರಿಂದ ಹನ್ನೆರಡನೇ ತರಗತಿಯೊಳಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕೆನ್ನುತ್ತದೆ. ಐದನೇ ತರಗತಿ ಮುಗಿಸಿ ಆರಕ್ಕೆ ಊರಿಗೆ ಬಂದ ಮಗುವಿಗೆ ಹನ್ನೆರಡರ ಹೊತ್ತಿಗೆ ಸರಿಯಾಗಿ ಏಳು ವರ್ಷ ತುಂಬುತ್ತದೆ. ಅಂದರೆ ನಿನ್ನ ಮಗು ನಿನ್ನ ಜೊತೆ ನಿಶ್ಚಿಂತೆಯಿಂದ ಇರಬಹುದಾದ ವರ್ಷಗಳು ಈಗಿನವೇ. ‘ಸ್ವಲ್ಪ ದೊಡ್ಡವನಾಗಲಿ, ಆಮೇಲೆ ಕರೆಸುತ್ತೇನೆ’ ಎನ್ನುವವನು ಲೆಕ್ಕವನ್ನು ತಲೆಕೆಳಗಾಗಿ ಮಾಡುತ್ತಿದ್ದಾನೆ. ರಜೆಯಲ್ಲಿ ಬಂದ ಅಪ್ಪನನ್ನು ಅತಿಥಿಯಂತೆ ಕಾಣುವ ಹುಡುಗ ಹದಿಮೂರನೇ ವಯಸ್ಸಿಗೆ ದಿಢೀರನೆ ನಿನ್ನ ಮಾತು ಕೇಳುವುದಿಲ್ಲ.

ವಿಸಿಟ್ ವೀಸಾದಲ್ಲಿ ಆಗಾಗ ಕರೆಸಿಕೊಂಡರೆ ಸಾಲದೇ ಎನ್ನುತ್ತೀಯಾ? ಜೊತೆಗಿದ್ದ ಸಮಾಧಾನ ಸಿಗುತ್ತದೆ, ಆದರೆ ಅವಧಿ ಮುಗಿಯುವ ದಿನ ಎಣಿಸುತ್ತಲೇ ಇರಬೇಕು, ಮಗುವನ್ನು ಶಾಲೆಗೆ ಸೇರಿಸಲು ಅದರಿಂದಾಗದು.

ಅಪ್ಪ ಅಮ್ಮನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿನ್ನ ನಿಜವಾದ ಅಡ್ಡಿ ಇದೇ ಇರಬೇಕು. ಅವರನ್ನು ಕಾಯಂ ಆಗಿ ಕರೆಸಿಕೊಳ್ಳಲು ಬೇಕಾದ ಸಂಬಳ ಹೆಂಡತಿ ಮಕ್ಕಳಿಗೆ ಬೇಕಾದುದಕ್ಕಿಂತ ಬಹಳ ಹೆಚ್ಚು, ಇಳಿವಯಸ್ಸಿನವರ ವಿಮೆ ದುಬಾರಿ, ಬೇಸಿಗೆಯ ಬಿಸಿಲು ಅವರಿಗೆ ಆಗದು. ಚಳಿಗಾಲದಲ್ಲಿ ಒಂದೆರಡು ತಿಂಗಳು ಕರೆಸಿಕೊಂಡರೆ ಅದೇ ದೊಡ್ಡದು. ಆದರೆ ಅವರನ್ನು ನೋಡಿಕೊಳ್ಳಲಿಕ್ಕೆಂದು ಹೆಂಡತಿಯನ್ನು ಊರಲ್ಲಿ ಬಿಟ್ಟಿರುವುದನ್ನು ತ್ಯಾಗ ಎಂದು ಕರೆಯಬೇಡ. ತ್ಯಾಗ ಮಾಡುತ್ತಿರುವವಳು ಅವಳು, ಹೆಸರು ಮಾತ್ರ ನಿನ್ನದು. ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಜವಾಬ್ದಾರಿ ಹಂಚಿಕೊಳ್ಳಬೇಕು. ಅಗತ್ಯವಿದ್ದರೆ ಹೋಂ ನರ್ಸ್‌ಗೆ ಸಂಬಳ ಕೊಡಬೇಕು. ಹೆತ್ತವರಿಗೆ ಇದನ್ನು ನೀನೇ ಕೂತು ಹೇಳಬೇಕು, ಅವಳ ಬಾಯಲ್ಲಿ ಹೇಳಿಸಬೇಡ.

ಕೆಲಸ ಹೋದರೆ ಎಲ್ಲರೂ ಒಟ್ಟಿಗೆ ಬೀದಿಗೆ ಬರುತ್ತೇವೆ ಎಂಬ ಭಯವೂ ನಿಜ. 1990ರಲ್ಲಿ ಇರಾಕ್ ದಾಳಿಯಾದಾಗ ಕುವೈತಿನಿಂದ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನದಲ್ಲಿ ಕರೆತರಬೇಕಾಯಿತು. ಗಲ್ಫಿನ ನೆಲ ನಮ್ಮನ್ನು ತನ್ನವರೆಂದು ಒಪ್ಪುವುದಿಲ್ಲ, ಕೆಲಸ ಇರುವ ತನಕ ವಾಸ. ಹಾಗೆಂದೇ ಊರಿನಲ್ಲಿ ಆರು ತಿಂಗಳ ಖರ್ಚು ಬೇರೆಯಾಗಿ ತೆಗೆದಿಡು, ಬೇರು ಬಿಡಲು ಹೋಗಬೇಡ. ಎಂದೋ ಬರಬಹುದಾದ ಅಗಲಿಕೆಗೆ ಹೆದರಿ ಇವತ್ತಿನಿಂದಲೇ ಅಗಲಿ ಇರುವುದು ಯಾವ ಜಾಣತನ?

ತುಸು ಜೋರಾಗಿಯೇ ಬರೆದೆ, ಬೇಸರಿಸಬೇಡ. ನಿನ್ನ ದುಡಿಮೆಯ ಬಗ್ಗೆ ನನಗೆ ಹೆಮ್ಮೆಯಿದೆ. ಈ ಸಲ ರಜೆಗೆ ಬಂದಾಗ ಮದುವೆ ನೋಂದಣಿ ಪತ್ರ, ಮಗುವಿನ ಜನನ ಪ್ರಮಾಣಪತ್ರ ಎರಡನ್ನೂ ಸರಿಮಾಡಿಸಿಕೋ. ಸೌದಿಗಾದರೆ ಅಪೋಸ್ಟಿಲ್ ಮುದ್ರೆಯೊಂದೇ ಸಾಕು, ಯುಎಇಗೆ ನಮ್ಮ ವಿದೇಶಾಂಗ ಇಲಾಖೆಯದೂ ಅವರ ರಾಯಭಾರ ಕಚೇರಿಯದೂ ಎರಡೂ ಮುದ್ರೆ ಬೇಕು. ಮದುವೆ ಇನ್ನೂ ನೋಂದಣಿ ಆಗಿಲ್ಲವಾದರೆ ಬಂದ ವಾರವೇ ಉಪನೋಂದಣಾಧಿಕಾರಿ ಕಚೇರಿಗೆ ಹೋಗು. ರಜೆ ಮುಗಿಯುವ ವಾರಕ್ಕೆ ಬಿಟ್ಟರೆ ಅದು ಮತ್ತೆ ಮುಂದಿನ ವರ್ಷಕ್ಕೆ ಹೋಗುತ್ತದೆ.