ಗಡಿಯಾರದ ಗಂಟೆಯೂ ಗಣಕದ ಕಾಲವೂ

ಭೂಮಿಯು 24 ಗಂಟೆಗಳಲ್ಲಿ 360 ಅಂಶಗಳಷ್ಟು, ಎಂದರೆ ಗಂಟೆಗೆ 15 ಅಂಶಗಳಷ್ಟು, ತಿರುಗುತ್ತದೆ. ಆದುದರಿಂದ ಪೂರ್ವಕ್ಕೆ 82½ ಅಂಶದ ರೇಖಾಂಶವನ್ನು ಆಧರಿಸಿದ ಭಾರತೀಯ ಕಾಲಮಾನವು ವಿಶ್ವಕಾಲಕ್ಕಿಂತ 5 ಗಂಟೆ 30 ನಿಮಿಷ ಮುಂದಿರುವುದು. ಇದು ಭೂಗೋಳದ ಪಾಠ. ಆದರೆ ಆಸ್ಪತ್ರೆ, ಬ್ಯಾಂಕುಗಳ ಲೆಕ್ಕವೆಲ್ಲ ಗಣಕಯಂತ್ರದ ದತ್ತಾಂಶ ಭಂಡಾರವನ್ನು, ಅಂದರೆ ಡೇಟಾಬೇಸನ್ನು, ಸೇರಿರುವ ಈ ಕಾಲದಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಒಂದು ಘಟನೆಯ ವೇಳೆಯನ್ನು ಗಡಿಯಾರ ನೋಡಿ ಬರೆದಿಟ್ಟರೆ ಸಾಲದೆ?

ಸಾಲದು. ನ್ಯೂಯಾರ್ಕಿನಲ್ಲಿ ಗಡಿಯಾರವನ್ನು ವಸಂತದಲ್ಲಿ ಒಂದು ಗಂಟೆ ಮುಂದಿಟ್ಟು, ಚಳಿಗಾಲ ಸಮೀಪಿಸಿದಾಗ ಹಿಂದಕ್ಕೆ ತರುವ ಪದ್ಧತಿಯುಂಟು. 2024ನೆಯ ನವೆಂಬರ್ 3ರಂದು ರಾತ್ರಿ 2 ಗಂಟೆಯಾಗುತ್ತಲೇ ಮುಳ್ಳು ಮರಳಿ 1ಕ್ಕೆ ಬಂದಿತು. ಹೀಗಾಗಿ ಒಂದೂವರೆ ಗಂಟೆಯು ಎರಡು ಸಲ ಆಯಿತು. ಮೊದಲನೆಯದು ಆದಾಗ ಬೆಂಗಳೂರಿನಲ್ಲಿ ಬೆಳಗಿನ 11 ಗಂಟೆ. ಎರಡನೆಯದು ಆದಾಗ ಮಧ್ಯಾಹ್ನ 12.

ಆ ರಾತ್ರಿ ಅಲ್ಲಿಯ ಒಬ್ಬ ರೋಗಿಗೆ ಮೊದಲನೆಯ ಸುತ್ತಿನ 1.50ಕ್ಕೆ ಔಷಧ ಕೊಟ್ಟರೆಂದೂ, 20 ನಿಮಿಷಗಳ ತರುವಾಯ ಅವನ ನಾಡಿ ಕುಗ್ಗಿತೆಂದೂ ಭಾವಿಸೋಣ. ಆಗ ಗಡಿಯಾರವು ತೋರಿಸುವುದು 1.10. ದಾಖಲೆಯನ್ನು ಓದಿದ ವೈದ್ಯರು ನಾಡಿ ಕುಗ್ಗಿದ ಮೇಲೆಯೇ ಔಷಧ ಕೊಟ್ಟರೆಂದು ತಿಳಿಯುವರು! ಕಾರಣವು ಕಾರ್ಯದ ಹಿಂದೆ ಬಿದ್ದಿತು. ವಿಶ್ವಕಾಲದಲ್ಲಿ ಬರೆದಿದ್ದರೆ ಇವು 5.50 ಮತ್ತು 6.10 ಎಂದು ಕ್ರಮವಾಗಿಯೇ ಇರುತ್ತಿದ್ದವು. ಆದುದರಿಂದ ನಡೆದುಹೋದುದನ್ನು ವಿಶ್ವಕಾಲದಲ್ಲಿ ಇಡಬೇಕು. ತೋರಿಸುವಾಗ ಮಾತ್ರ ಸ್ಥಳೀಯ ಕಾಲಕ್ಕೆ ಪರಿವರ್ತಿಸಬೇಕು.

ಪೋಸ್ಟ್‌ಗ್ರೆಸ್ ಎಂಬ ಪ್ರಸಿದ್ಧ ಡೇಟಾಬೇಸಿನಲ್ಲಿ ಇದಕ್ಕಾಗಿ 'ಟೈಮ್‌ಸ್ಟ್ಯಾಂಪ್ ವಿತ್ ಟೈಮ್ ಝೋನ್' ಎಂಬ ಮಾದರಿಯಿದೆ. ಹೆಸರನ್ನು ನಂಬಿ, ಕಾಲವಲಯವೂ ಅದರಲ್ಲಿ ಉಳಿಯುವುದೆಂದು ತಿಳಿಯಬಾರದು. ಅದು ಕೊಟ್ಟ ವೇಳೆಯನ್ನು ವಿಶ್ವಕಾಲಕ್ಕೆ ತಿರುಗಿಸಿ ಇಟ್ಟುಕೊಳ್ಳುತ್ತದೆ, ವಲಯವನ್ನು ಮರೆತುಬಿಡುತ್ತದೆ. ವಲಯವೂ ಬೇಕಾದರೆ ಅದನ್ನು ಬೇರೊಂದು ಅಂಕಣದಲ್ಲಿ ಬರೆಯಬೇಕು.

ಅದು ಬೇಕಾಗುವುದು ಭವಿಷ್ಯದ ವಿಷಯದಲ್ಲಿ. 2018ರ ಅಕ್ಟೋಬರ್ 28ರಂದು ಮೊರಾಕೊ ದೇಶವು ಗಡಿಯಾರವನ್ನು ವಿಶ್ವಕಾಲಕ್ಕೆ ಹಿಂದಿರುಗಿಸಬೇಕಾಗಿದ್ದಿತು. ಎರಡೇ ದಿನ ಮೊದಲು ಸರ್ಕಾರವು ಆ ಕ್ರಮವನ್ನು ಕೈಬಿಟ್ಟಿತು. ಕ್ಯಾಸಬ್ಲಾಂಕಾದಲ್ಲಿ ನವೆಂಬರ್ 5ರ ಬೆಳಗ್ಗೆ 10ಕ್ಕೆ ಗೊತ್ತಾದ ಸಭೆಯೊಂದನ್ನು ಹಳೆಯ ನಿಯಮದಂತೆ ವಿಶ್ವಕಾಲ 10 ಎಂದು ಮೊದಲೇ ಬರೆದಿಟ್ಟಿದ್ದರೆ, ಗಣಕವು ಈಗ 11 ಎಂದು ತೋರಿಸುವುದು. ಬರುವವರೆಲ್ಲ ಒಂದು ಗಂಟೆ ತಡ! ನಿಯಮವನ್ನು ಮಾಡುವುದು ಸೂರ್ಯನಲ್ಲ, ಸರ್ಕಾರ. ಆದುದರಿಂದ ಮುಂದೆ ನಡೆಯಬೇಕಾದುದಕ್ಕೆ ಸ್ಥಳೀಯ ವೇಳೆಯನ್ನೂ 'ಆಫ್ರಿಕಾ/ಕ್ಯಾಸಬ್ಲಾಂಕಾ' ಎಂಬಂತಹ ವಲಯದ ಹೆಸರನ್ನೂ ಇಟ್ಟು, ಅಂದಿನ ನಿಯಮದಂತೆ ವಿಶ್ವಕಾಲವನ್ನು ಲೆಕ್ಕ ಹಾಕುವುದೇ ಯುಕ್ತ.

ಓದುಗರಿಗೊಂದು ಲೆಕ್ಕ: ಸಮೋವಾ ದೇಶವು ಕಾಲವಲಯವನ್ನು ಬದಲಿಸಿದುದರಿಂದ ಅಲ್ಲಿ 2011ರ ಡಿಸೆಂಬರ್ 29ರ ಮರುದಿನವೇ 31 ಆಯಿತು. 29ರ ರಾತ್ರಿ 11ಕ್ಕೆ ಹುಟ್ಟಿದ ಶಿಶುವಿಗೆ 31ರ ಬೆಳಗಿನ ಜಾವ 1ಕ್ಕೆ ಎಷ್ಟು ಗಂಟೆಯ ವಯಸ್ಸು? ತಾರೀಖನ್ನು ನಂಬಿದವರು 26 ಎನ್ನುವರು. ವಿಶ್ವಕಾಲವನ್ನು ಬಲ್ಲವರು 2 ಎನ್ನುವರು.