ದೇವದಾರು, ತುರಾಯಿ, ಜಾಲಿ



ಸತ್ಯವೇದವನ್ನು ಓದುವಾಗ ನಾವು ಎಂದೂ ಕಣ್ಣಾರೆ ಕಾಣದ ವಸ್ತುಗಳ ಹೆಸರುಗಳನ್ನು ನಾಲಿಗೆಯಿಂದ ಉಚ್ಚರಿಸಿ ಮುಂದಕ್ಕೆ ಹೋಗಿಬಿಡುವದುಂಟು. ಲೆಬನೋನಿನ ದೇವದಾರುವೂ ಅದರ ಸಂಗಡ ಹೇಳಲ್ಪಡುವ ತುರಾಯಿಯೂ ಅಂಥವುಗಳೇ. ಪೂರ್ವಕಾಲದ ಶಾಸನಗಳಲ್ಲಿ ಕೋಗಳಿ ಐನೂರು ಎಂದು ಹೆಸರುಗೊಂಡ ನಮ್ಮ ನಾಡಿನಲ್ಲಿಯೂ ಅದರ ಸುತ್ತಲಿನ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳಲ್ಲಿಯೂ ಹೊಲದ ಬದುವಿನ ಮೇಲೆ ನಿಂತಿರುವ ಮರಗಳು ಯಾವವು? ಬೇವು, ಬನ್ನಿ, ಹುಣಿಸೆ, ಎಲ್ಲಕ್ಕಿಂತ ಹೆಚ್ಚಾಗಿ ಜಾಲಿ. ಹೀಗಿರಲಾಗಿ ಪ್ರವಾದಿಯು ದೇವದಾರುವನ್ನು ಹೊಗಳಿದಾಗ ನಮ್ಮ ಮನಸ್ಸಿನಲ್ಲಿ ಯಾವ ಚಿತ್ರವು ಮೂಡಬೇಕು? ಈ ಸಂಗತಿಯನ್ನು ಈ ತಿಂಗಳಿನ ಪಾಠದಲ್ಲಿ ಸ್ವಲ್ಪ ವಿಚಾರಿಸೋಣ.

ದೇವದಾರು, ತುರಾಯಿ, ಪೈನ್, ಫರ್ ಎಂಬಿವೆಲ್ಲವೂ ಒಂದೇ ದೊಡ್ಡ ಕುಲಕ್ಕೆ ಸೇರಿದವುಗಳು. ಇವುಗಳ ಎಲೆಗಳು ಸೂಜಿಯ ಹಾಗೆ ಇಲ್ಲವೆ ಸಣ್ಣ ಹುರುಪೆಯ ಹಾಗೆ ಇರುತ್ತವೆ. ಇವುಗಳಲ್ಲಿ ಹೆಚ್ಚಿನವು ತಮ್ಮ ಬೀಜಗಳನ್ನು ಗಟ್ಟಿಯಾದ ಹಲ್ಲೆಗಳುಳ್ಳ ಕಾಯಿಯಲ್ಲಿ ಅಡಗಿಸಿಡುತ್ತವೆ. ಪೈನಿಗೆ ಸಂಸ್ಕೃತದಲ್ಲಿ ಸರಲವೃಕ್ಷವೆಂದು ಹೆಸರು, ಅಂದರೆ ನೆಟ್ಟಗೆ ನಿಂತದ್ದು. ಆ ಮರವು ನಮ್ಮ ಸೀಮೆಗೆ ಬಾರದಿದ್ದರೂ ಅದರ ಅಂಶವು ಬಂದಿದೆ. ಹೇಗಂದರೆ ನೋವಿಗೆ ತಿಕ್ಕುವ ಟರ್ಪೆಂಟೈನ್ ಎಣ್ಣೆಯು ಅದರ ಅಂಟಿನಿಂದ ಇಳಿಸಿದ್ದು. ಪೇಟೆಯಿಂದ ಸಾಮಾನು ತರುವ ತೆಳುಹಲಿಗೆಯ ಪೆಟ್ಟಿಗೆಯು ಅನೇಕ ಸಾರಿ ಅದರ ಕಟ್ಟಿಗೆಯೇ.

ಹಿಮ ಬೀಳುವ ದೇಶಗಳಲ್ಲಿ ಈ ಮರಗಳಿಗೆ ಬಂದಿರುವ ಗೌರವವು ಒಂದೇ ಕಾರಣದಿಂದ ಹುಟ್ಟಿತು. ಅಲ್ಲಿ ಚಳಿಗಾಲವು ಬಂದಾಗ ಮಿಕ್ಕ ಮರಗಳು ಎಲೆ ಉದುರಿಸಿ ಎಲುಬಿನ ಹಾಗೆ ನಿಲ್ಲುತ್ತವೆ. ಸೂಜಿಯೆಲೆಯ ಮರವಾದರೋ, ಎಲೆ ಕಿರಿದಾಗಿಯೂ ಮೇಣದಂಥ ಪದರದಿಂದ ಮುಚ್ಚಲ್ಪಟ್ಟೂ ಇರುವದರಿಂದ ಇದ್ದ ನೀರನ್ನು ಕಳೆದುಕೊಳ್ಳದೆ ಹಸುರಾಗಿಯೇ ಇರುತ್ತದೆ. ಇದನ್ನು ನೋಡಿ ಚೀನಾ ದೇಶದ ಕನ್‌ಫ್ಯೂಷಿಯಸನು ಪೈನನ್ನು ಕಷ್ಟಕಾಲದಲ್ಲಿ ಪರೀಕ್ಷಿಸಲ್ಪಡುವ ಸಜ್ಜನನಿಗೆ ದೃಷ್ಟಾಂತವಾಗಿ ತೋರಿಸಿದನು. ಆ ದೇಶದವರು ಪೈನ್, ಬಿದಿರು, ಪ್ಲಮ್ ಈ ಮೂರನ್ನು ಚಳಿಗಾಲದ ಗೆಳೆಯರೆಂದು ಕರೆಯುತ್ತಾರೆ. ಜಪಾನಿನವರು ಹೊಸ ವರುಷದಲ್ಲಿ ಬಾಗಲಿನ ಎರಡು ಕಡೆಗೂ ಪೈನ್ ಕೊಂಬೆಗಳನ್ನು ನಿಲ್ಲಿಸುತ್ತಾರೆ. ೨೦೧೧ನೇ ಮಾರ್ಚ್ ೧೧ರಂದು ಆ ದೇಶಕ್ಕೆ ಸಮುದ್ರವು ನುಗ್ಗಿದಾಗ ರಿಕುಜೆಂತಕತ ಎಂಬ ಊರಿನ ದಂಡೆಯಲ್ಲಿದ್ದ ಸುಮಾರು ೭೦,೦೦೦ ಪೈನ್ ಮರಗಳಲ್ಲಿ ಒಂದು ಮಾತ್ರ ಉಳಿಯಿತು. ಉಪ್ಪುನೀರಿನಿಂದ ಬೇರು ಕೆಟ್ಟು ಮರುವರುಷ ಅದೂ ಸತ್ತುಹೋಯಿತು. ಆದಾಗ್ಯೂ ಜನರು ಅದನ್ನು ಬಿಡಲೊಲ್ಲದೆ, ಕಾಂಡದೊಳಗೆ ಆಧಾರವನ್ನಿಟ್ಟು, ೨೦೧೩ರಲ್ಲಿ ಅದನ್ನು ಅದೇ ಸ್ಥಳದಲ್ಲಿ ತಿರಿಗಿ ನಿಲ್ಲಿಸಿದರು. ಸತ್ತ ಮರಕ್ಕೆ ಇಷ್ಟು ವೆಚ್ಚವೇಕೆಂದು ಕೇಳುವವರು ಮನೆಮಕ್ಕಳನ್ನು ನೀರಿಗೆ ಕಳಕೊಂಡವರಲ್ಲ.

ನಮ್ಮ ದೇಶದ ಹಿಮಾಲಯದಲ್ಲಿಯೂ ಈ ಗೌರವವುಂಟು. ದೇವದಾರು ಎಂಬ ಮಾತಿಗೆ ದೇವರ ಕಟ್ಟಿಗೆ ಎಂದೇ ಅರ್ಥ. ಕಾಳಿದಾಸನ ರಘುವಂಶದ ಎರಡನೆಯ ಸರ್ಗದಲ್ಲಿ ಒಂದು ದೇವದಾರು ಶಿವನ ಸಾಕುಮಗನಾಗಿದೆ. ಆನೆಯು ಮೈತಿಕ್ಕಿ ಅದರ ತೊಗಟೆಯನ್ನು ಸುಲಿದದ್ದರಿಂದ ಅದನ್ನು ಕಾಯುವದಕ್ಕೆ ಸಿಂಹವು ನೇಮಿಸಲ್ಪಡುತ್ತದೆ. ಜರ್ಮನಿಯವರು ಕ್ರಿಸ್ತಜಯಂತಿಯಲ್ಲಿ ಫರ್ ಮರವನ್ನು ಮನೆಯೊಳಕ್ಕೆ ತಂದು ಅಲಂಕರಿಸುವ ಪದ್ಧತಿಯೂ ಇದೇ ಭಾವದ್ದು. ಸ್ಟ್ರಾಸ್‌ಬುರ್ಗ್ ಪಟ್ಟಣದಲ್ಲಿ ಕಾಗದದ ಗುಲಾಬಿ, ಸೇಬುಗಳನ್ನು ಕಟ್ಟಿದ ಇಂಥ ಮರಗಳ ವಿಷಯವಾಗಿ ೧೬೦೫ರ ಬರಹವೊಂದಿದೆ. ಹೊರಗೆ ಹೊಲವೆಲ್ಲಾ ಬಿಳೀ ಹೆಣವಸ್ತ್ರವನ್ನು ಹೊದ್ದಿರುವಾಗ ಒಳಗೆ ಒಂದು ಹಸುರು ಕೊಂಬೆ ಇರುವದು ಅಲ್ಲಿಯವರಿಗೆ ಎಷ್ಟು ಸಂತೋಷವೋ ನಾವು ಬರೇ ಊಹಿಸಬಲ್ಲೆವು.

ಈ ಪದ್ಧತಿಯು ನಮ್ಮ ಸಭೆಗಳಿಗೂ ಬಂತು. ಪೈನ್ ಸಿಕ್ಕದ ಕಡೆಗಳಲ್ಲಿ ಗಾಳಿಮರದ ಕೊಂಬೆಯನ್ನು ಕಡಿದು ತಂದು ಡಬ್ಬಿಯಲ್ಲಿ ನಿಲ್ಲಿಸುತ್ತಾರೆ. ಗಾಳಿಮರವು ನೋಡುವದಕ್ಕೆ ಪೈನಿನ ಹಾಗೆ ಇದ್ದರೂ ಆ ಕುಲದ್ದಲ್ಲ. ಸಮುದ್ರದ ಆಚೆಯಿಂದ ತಂದು ೧೮೬೦ರ ದಶಕದಲ್ಲಿ ಕಾರವಾರದ ಮರಳಿನಲ್ಲಿ ನೆಟ್ಟದ್ದು. ಯೆರೆಮೀಯನು ಹತ್ತನೆಯ ಅಧ್ಯಾಯದಲ್ಲಿ ಮರವನ್ನು ಕಡಿದು ಬೆಳ್ಳಿಬಂಗಾರದಿಂದ ಅಲಂಕರಿಸುವವರನ್ನು ಗದರಿಸುವದರಿಂದ ಇದು ಪಾಪವೆಂದು ಕೆಲವರು ವಾದಿಸುವದುಂಟು. ಪ್ರವಾದಿಯು ಅಲ್ಲಿ ಹೇಳುವದು ಮರವನ್ನು ಕೆತ್ತಿ ಮಾಡಿದ ವಿಗ್ರಹಗಳ ಸಂಗತಿಯನ್ನೇ ಹೊರತು ಹಬ್ಬದ ತೋರಣವನ್ನಲ್ಲ. ಆದಕಾರಣ ಆ ವಾದವು ನನಗೆ ಒಪ್ಪಿಗೆಯಿಲ್ಲ. ನನ್ನ ಸಂದೇಹವು ಬೇರೆ. ದಶಂಬರದಲ್ಲಿ ನಮ್ಮ ಎರೇಹೊಲಗಳಲ್ಲಿ ಹಿಂಗಾರಿ ಜೋಳವು ಹಸುರಾಗಿ ನಿಂತಿರುತ್ತದೆ, ಕಡಲೆಯೂ ಹಸುರು, ಹೊರಗೆಲ್ಲಾ ಹಸುರು! ಇಂಥ ಕಾಲದಲ್ಲಿ ಒಂದು ಹಸುರು ಕೊಂಬೆಯು ನಮ್ಮ ಮಕ್ಕಳಿಗೆ ಏನನ್ನು ಹೇಳೀತು? ನಮ್ಮ ಸೀಮೆಯ ಸಾವಿನ ಕಾಲವು ಚಳಿಗಾಲವಲ್ಲ. ಶಿವರಾತ್ರಿ ಕಳೆದು ಕೆರೆಯ ತಳವು ಬಿರಿಯುವ ಬೇಸಿಗೆಯೇ. ಆಗ ಹೊಸ ಚಿಗುರನ್ನು ತೊಡುವ ಬೇವು, ಕಾದ ನೆಲದಲ್ಲಿ ಆಳವಾಗಿ ಬೇರಿಳಿಸಿ ಹಸುರಾಗುವ ಬನ್ನಿ, ಇವೇ ನಮ್ಮ ಪೈನ್ ಮರಗಳು. ನಮ್ಮ ನೆರೆಯವರು ಯುಗಾದಿಯಲ್ಲಿ ಬೇವನ್ನು ಬೆಲ್ಲದ ಸಂಗಡ ಹಂಚುವದೂ, ದಸರೆಯಲ್ಲಿ ಬನ್ನಿಯ ಎಲೆಯನ್ನು ಬಂಗಾರವೆಂದು ಕೈಗೆ ಕೊಡುವದೂ ಕೇವಲ ಅರ್ಥವಿಲ್ಲದ ಮಾತೆಂದು ನಾನು ಎಣಿಸಲಾರೆ.

ಇನ್ನು ಹೆಸರುಗಳ ವಿಷಯ. ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ ಎಂಬವರು ೧೮೧೦ರಲ್ಲಿ ಬಳ್ಳಾರಿಗೆ ಬಂದರು. ಅವರೂ ಅವರ ಜೊತೆಗಾರರಾದ ವಿಲ್ಯಂ ರೀವ್ ಎಂಬವರೂ ದುಡಿದದ್ದರಿಂದ ೧೮೩೧ರಲ್ಲಿ ಕನ್ನಡದ ಪೂರ್ಣ ಸತ್ಯವೇದವು ಉಂಟಾಯಿತು. ಅದು ಮುಂದೆ ಹಲವು ಸಾರಿ ತಿದ್ದಲ್ಪಟ್ಟಿದೆ. ನಮ್ಮ ಕೈಯಲ್ಲಿರುವ ಗ್ರಂಥದಲ್ಲಿ ಇಬ್ರಿಯರ ‘ಎರೆಜ್’ ಎಂಬದಕ್ಕೆ ದೇವದಾರು ಎಂದಿದೆ. ಇದು ಬಹಳ ಚೆನ್ನಾದ ಆಯ್ಕೆ; ಯಾಕಂದರೆ ಲೆಬನೋನಿನ ಮರವೂ ಹಿಮಾಲಯದ ದೇವದಾರುವೂ ಒಂದೇ ಜಾತಿಯ ಅಕ್ಕತಂಗಿಯರು. ಆದರೆ ದಕ್ಷಿಣದ ಒಣಗುಡ್ಡಗಳಲ್ಲಿ ಬೆಳೆಯುವ ಒಂದು ಕುರುಚಲು ಮರಕ್ಕೂ ದೇವದಾರು ಎಂಬ ಹೆಸರಿರುವದರಿಂದ ಗುಡ್ಡವನ್ನು ಬಲ್ಲ ಓದುಗನು ಮೋಸಹೋದಾನು. ‘ಬೆರೋಷ್’ ಎಂಬದಕ್ಕೆ ತುರಾಯಿ ಎಂದಿದೆ. ಇದು ಯಾವ ಮರವೆಂಬದರಲ್ಲಿ ಪಂಡಿತರಿಗೇ ಒಮ್ಮತವಿಲ್ಲ. ಇಂಗ್ಲಿಷ್ ಭಾಷಾಂತರಗಳಲ್ಲಿ ಒಂದು ಫರ್ ಎನ್ನುತ್ತದೆ, ಒಂದು ಸೈಪ್ರೆಸ್, ಮತ್ತೊಂದು ಪೈನ್. ನಮ್ಮಲ್ಲಿಯಾದರೋ ಕೆಂಪು ತುರಾಯಿ ಎಂದರೆ ಬೇಸಿಗೆಯಲ್ಲಿ ಬೆಂಕಿಯ ಹಾಗೆ ಹೂ ಬಿಡುವ ಗುಲ್‌ಮೊಹರ್! ಆ ಮರವು ಮಡಗಾಸ್ಕರಿನಿಂದ ಬಂದದ್ದು. ಹೋಶೇಯನ ಕೊನೆಯ ಅಧ್ಯಾಯದ ನಿತ್ಯಹಸುರಾದ ತುರಾಯಿಗೂ ಇದಕ್ಕೂ ಸಂಬಂಧವಿಲ್ಲ.

ಈಗ ಸೊಲೊಮೋನನ ಆಲಯದ ಕಡೆಗೆ ತಿರುಗೋಣ. ಅರಸುಗಳ ಮೊದಲನೆಯ ಪುಸ್ತಕದ ೫ ಮತ್ತು ೬ನೇ ಅಧ್ಯಾಯಗಳನ್ನು ಮನೆಯಲ್ಲಿ ಓದಿಕೊಳ್ಳಿರಿ. ಗೋಡೆಗಳಿಗೆ ದೇವದಾರು, ನೆಲಕ್ಕೂ ಹೊರಬಾಗಲುಗಳಿಗೂ ತುರಾಯಿ. ಒಳಗೆ ಒಂದು ಕಲ್ಲಾದರೂ ಕಾಣದ ಹಾಗೆ ಕಟ್ಟಿಗೆಯು ಹೊದಿಸಲ್ಪಟ್ಟಿತು. ಈ ಮರಗಳು ತೂರಿನ ಅರಸನಾದ ಹೀರಾಮನಿಂದ ಬಂದವು. ತೆಪ್ಪಗಳಾಗಿ ಕಟ್ಟಲ್ಪಟ್ಟು ಸಮುದ್ರದ ಮೇಲೆ ತೇಲಿಬಂದವು. ಬೆಲೆಯೇನು? ವರುಷಕ್ಕೆ ೨೦,೦೦೦ ಕೋರ್ ಗೋದಿ. ಅದರ ಸಂಗಡ ಎಣ್ಣೆ. ಇದಲ್ಲದೆ ೩೦,೦೦೦ ಜನರು ಬಿಟ್ಟಿಗೆ ಹಿಡಿಯಲ್ಪಟ್ಟು, ತಿಂಗಳಿಗೆ ೧೦,೦೦೦ದಂತೆ ಸರದಿಯ ಮೇರೆಗೆ ಲೆಬನೋನಿಗೆ ಕಳುಹಿಸಲ್ಪಟ್ಟರು. ಆ ಗೋದಿಯು ಯಾರ ಹೊಲದ್ದು? ಬಿಟ್ಟಿಗೆ ಹೋದವನ ಹೊಲವನ್ನು ಆ ತಿಂಗಳು ಯಾರು ಬಿತ್ತಿದರು? ಒಕ್ಕಲುತನದವರಾದ ನಮಗೆ ಈ ಪ್ರಶ್ನೆಗಳು ಬಾರದೆ ಇರಲಾರವು. ಸೊಲೊಮೋನನು ಸತ್ತ ಕೂಡಲೆ ಜನರು ಅವನ ಮಗನ ಬಳಿಗೆ ಬಂದು, ಹೊರೆಯನ್ನು ಹಗುರಮಾಡೆಂದು ಬೇಡಿಕೊಂಡದ್ದೂ, ಅವನು ಒಪ್ಪದೆ ಹೋದದ್ದರಿಂದ ರಾಜ್ಯವು ಎರಡಾದದ್ದೂ ಅದೇ ಪುಸ್ತಕದ ೧೨ನೇ ಅಧ್ಯಾಯದಲ್ಲಿದೆ.

ಆದಕಾರಣ ಪ್ರವಾದಿಗಳ ಬಾಯಲ್ಲಿ ದೇವದಾರು ಕೆಲವು ಸಾರಿ ಮಹಿಮೆಗೂ ಕೆಲವು ಸಾರಿ ಗರ್ವಕ್ಕೂ ಗುರುತಾಗಿದೆ. ಬಾಬೆಲಿನ ಅರಸನು ಬಿದ್ದಾಗ, ಇನ್ನು ನಮ್ಮನ್ನು ಕಡಿಯುವವನು ಬರುವದಿಲ್ಲವೆಂದು ಲೆಬನೋನಿನ ಮರಗಳೇ ಹಿಗ್ಗುವದನ್ನು ಯೆಶಾಯನ ೧೪ನೇ ಅಧ್ಯಾಯದಲ್ಲಿ ನೋಡಬಹುದು. ಮರಗಳ ಪಕ್ಷವನ್ನು ಹಿಡಿದು ಮಾತಾಡುವ ಇಂಥ ವಾಕ್ಯವು ಬೇರೆ ಗ್ರಂಥಗಳಲ್ಲಿ ಅಪರೂಪ. ಅರಸರು ಕಡಿದು ಕಡಿದು ಲೆಬನೋನಿನಲ್ಲಿ ಈಗ ಆ ಅಡವಿಯ ತುಣುಕುಗಳು ಮಾತ್ರ ಉಳಿದಿವೆ. ಆ ದೇಶದ ಧ್ವಜದ ಮೇಲೆ ೧೯೪೩ರಿಂದ ನಿಂತಿರುವದು ಅದೇ ಮರ.

ಆದರೆ ಆ ಆಲಯದ ಅತಿ ಒಳಗಿನ ಕೋಣೆಯಲ್ಲಿ ಇಡಲ್ಪಟ್ಟದ್ದು ಯಾವ ಮರದ್ದು? ಇದನ್ನೇ ನಾನು ಈ ಪಾಠದಲ್ಲಿ ಮುಖ್ಯವಾಗಿ ಹೇಳಬೇಕೆಂದಿದ್ದೇನೆ. ವಿಮೋಚನಕಾಂಡದ ೨೫ನೇ ಅಧ್ಯಾಯದ ಪ್ರಕಾರ ಒಡಂಬಡಿಕೆಯ ಮಂಜೂಷವು ಜಾಲೀಮರದಿಂದ ಮಾಡಲ್ಪಟ್ಟಿತು. ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲ, ಅಷ್ಟೇ ಎತ್ತರ. ನಮ್ಮ ಮನೆಗಳ ಕಾಳಿನ ಪೆಟ್ಟಿಗೆಗಿಂತ ದೊಡ್ಡದಲ್ಲ. ಅದನ್ನು ಹೊರುವ ಕೋಲುಗಳೂ, ಮೇಜೂ, ಗುಡಾರದ ಹಲಿಗೆಗಳೂ ಜಾಲಿಯವೇ. ಕಾರಣವು ಸುಲಭವಾದದ್ದು: ಸೀನಾಯಿಯ ಬೆಂಗಾಡಿನಲ್ಲಿ ಕೊಡಲಿಗೆ ಸಿಕ್ಕುವ ಗಟ್ಟಿಮರವೆಂದರೆ ಅದೇ. ಕೊಂಡುಕೊಳ್ಳಲು ಗೋದಿಯಿಲ್ಲ, ಬಿಟ್ಟಿಗೆ ಹಿಡಿಯಲು ಅರಸನಿಲ್ಲ, ಇದ್ದದ್ದರಿಂದಲೇ ಮಾಡಿದರು.

ಆ ಜಾಲಿಯೂ ನಮ್ಮ ಕರಿಜಾಲಿಯೂ ದಾಯಾದಿಗಳು. ಬಳ್ಳಾರಿ ಜಾಲಿಯೆಂದು ನಮ್ಮ ಹಿಂದಿನ ಜಿಲ್ಲೆಗೇ ಹೆಸರು ಹೊರಿಸಿರುವ ಮುಳ್ಳುಕಂಟಿಯನ್ನು ಇದರೊಂದಿಗೆ ಕಲಸಬಾರದು. ಅದು ಅಮೇರಿಕಾ ಖಂಡದಿಂದ ಬಂದು ಹೊಲಗಳನ್ನು ನುಂಗುತ್ತಿರುವ ಬೇರೆ ಗಿಡ. ಕರಿಜಾಲಿಯು ನೇಗಿಲಿಗೂ ಬಂಡಿಯ ಗಾಲಿಗೂ ಬಂದದ್ದು, ಕುರಿಗೆ ಕಾಯಿ ಕೊಟ್ಟದ್ದು, ಗಾಯಕ್ಕೆ ತೊಗಟೆ ಕೊಟ್ಟದ್ದು. ಹಗರಿಬೊಮ್ಮನಹಳ್ಳಿಯ ಹತ್ತಿರ ಅಂಕಸಮುದ್ರದ ಕೆರೆಯೊಳಗೆ ನೀರಿನಲ್ಲಿಯೇ ನಿಂತಿರುವ ಜಾಲಿಗಳ ಮೇಲೆ ಬಣ್ಣದ ಕೊಕ್ಕರೆ ಮೊದಲಾದ ಸಾವಿರಾರು ಹಕ್ಕಿಗಳು ಗೂಡುಕಟ್ಟುತ್ತವೆ. ಆ ಕೆರೆಯು ೨೦೧೭ರಲ್ಲಿ ಪಕ್ಷಿಸಂರಕ್ಷಣೆಯ ಪ್ರದೇಶವಾಗಿ ಗೊತ್ತುಮಾಡಲ್ಪಟ್ಟು, ೨೦೨೪ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಮುಳ್ಳು ಇರುವದರಿಂದಲೇ ಮರಿಗಳಿಗೆ ಕ್ಷೇಮವೆಂದು ಹಕ್ಕಿಗಳು ಬಲ್ಲವು.

ಯೆಶಾಯನು ೪೧ನೇ ಅಧ್ಯಾಯದಲ್ಲಿ ಅಡವಿಯು ಹಸುರಾಗುವ ದಿನವನ್ನು ವರ್ಣಿಸುತ್ತಾ ಮರಗಳ ಹೆಸರುಗಳನ್ನು ಸಾಲಾಗಿ ಹೇಳುತ್ತಾನೆ. ಅಲ್ಲಿ ದೇವದಾರುವಿನ ಪಕ್ಕದಲ್ಲಿಯೇ ಜಾಲಿಯು ನೆಡಲ್ಪಡುತ್ತದೆ. ತುರಾಯಿಯು ಅದರ ತರುವಾಯ ಬರುತ್ತದೆ.

ಆಲಯವು ಮುಗಿದ ಮೇಲೆ ಯಾಜಕರು ಮಂಜೂಷವನ್ನು ಹೊತ್ತು ತಂದು ಕೆರೂಬಿಗಳ ರೆಕ್ಕೆಗಳ ಕೆಳಗೆ ಇಟ್ಟರು. ಒಳಗಿನ ಕೋಣೆಯು ಕತ್ತಲೆ. ಸುತ್ತಲೂ ಬಂಗಾರ ಹೊದಿಸಿದ ದೇವದಾರು. ಜಾಲಿಯ ಕೋಲುಗಳು ಮಾತ್ರ ಉದ್ದವಾಗಿದ್ದದರಿಂದ ಅವುಗಳ ತುದಿಗಳು ಮುಂದಿನ ಕೋಣೆಯಲ್ಲಿ ನಿಂತವರಿಗೆ ಕಾಣುತ್ತಿದ್ದವೆಂದೂ ಹೊರಗಿನವರಿಗೆ ಕಾಣುತ್ತಿರಲಿಲ್ಲವೆಂದೂ ೮ನೇ ಅಧ್ಯಾಯದಲ್ಲಿ ಬರೆದದೆ.